ಕೋಡಿಯಿಲ್ಲದ ಒಡ್ಡು

ಹಳ್ಳ ಹುಟ್ಟಿದ್ದು ಬೆಟ್ಟದಲ್ಲಿ. ಆದರೂ ತನ್ನ ಹೊಲದಲ್ಲಿ ಹಾದುಹೋಗುವುದರಿಂದ ಅದು ತನ್ನದೇ ಎಂದು ಸಾವುಕಾರ ಪರುವತಪ್ಪ ತೀರ್ಮಾನಿಸಿದ. ಅಡ್ಡಲಾಗಿ ಮಣ್ಣಿನ ಒಡ್ಡು ಹಾಕಿಸಿದ. ತಂಗಾಳಿಗೆಂದು ಒಡ್ಡಿನ ಬುಡದಲ್ಲೇ ಹೊಸ ಮನೆ ಕಟ್ಟಿಸಿದ. ಆಚೆ, ಹಳ್ಳದ ಹರಿವಿನಿಂದ ಪಕ್ಕಕ್ಕಿದ್ದರೂ ಅದರ ನೀರನ್ನೇ ನಂಬಿದ್ದ ಕಿರುಗುಂದ ಊರಿನವರ ಗದ್ದೆಗಳಲ್ಲಿ ಪೈರು ನೀರಿಲ್ಲದೆ ಹಳದಿಗೆ ತಿರುಗಿತು.

ಅಷ್ಟಕ್ಕೇ ಸುಮ್ಮನಾಗದೆ ಪರುವತಪ್ಪ ಪಾಳೆಯಗಾರನ ಮುಂದೆ ಬಂದು ನಿಂತ.

"ನನ್ನ ಒಡ್ಡು ದಾಟಿ ಒಂದು ತೊಟ್ಟೂ ಆಚೆ ಹೋಗದು, ಬುದ್ಧಿ. ಬೇರೆಯವರು ಮುಟ್ಟದ ಹಾಗೆ ಒಂದು ಅಪ್ಪಣೆಯಾಗಬೇಕು."

ಪಾಳೆಯಗಾರ ಹೊನ್ನಾಜಮ್ಮನ ಕಡೆ ನೋಡಿದ. ಅರಮನೆಯ ಉಗ್ರಾಣ ಅವಳ ಕೈಯಲ್ಲಿತ್ತು. ನಾಲಿಗೆ ಯಾರ ಕೈಯಲ್ಲೂ ಇರಲಿಲ್ಲ. ಕಿರುಗುಂದ ಅವಳ ತವರು.

"ಮಳೆ ಹೆಚ್ಚಾದರೆ ನೀರು ಹೊರಗೆ ಹೋಗಲು ಕೋಡಿ ಬಿಟ್ಟಿದ್ದೀರಾ, ಸಾವುಕಾರರೇ?"

"ಕೋಡಿ ಬಿಟ್ಟರೆ ನೀರು ಹೋಗಿಬಿಡುತ್ತಲ್ಲಮ್ಮ."

"ಅದೂ ಸರಿಯೇ," ಎಂದು ಹೊನ್ನಾಜಮ್ಮ ಪಾಳೆಯಗಾರನತ್ತ ತಿರುಗಿದಳು. ಬಾಯಿಮಾತಿನ ಅಪ್ಪಣೆ ಸಾಲದು, ಕಲ್ಲಿನ ಮೇಲೇ ಕೆತ್ತಿಸಬೇಕು ಎಂದಳು. ಪರುವತಪ್ಪನ ಒಡ್ಡನ್ನು ಬೇರೆಯವರು ಮುಟ್ಟಿದರೆ ಕೈ ಕಡಿಯಲಾಗುವುದು, ಅಷ್ಟೇ ಸಾಕು ಎಂದಳು. ಹಾಗೇ ಕೆತ್ತಿಸಿದ ಕಲ್ಲನ್ನು ಒಡ್ಡಿನ ಪಕ್ಕದಲ್ಲಿ ನೆಟ್ಟರು. ತವರಿನವರು ಅವಳಿಗೆ ಶಾಪ ಹಾಕಿದರು. ಪರುವತಪ್ಪ ಅವಳಿಗೆ ಒಂದು ಬಾಳೆಗೊನೆ ಕಳಿಸಿದ.

ಆ ಸಲ ಮಘೆ ಮಳೆ ಹಿಡಿದದ್ದು ಬಿಡಲಿಲ್ಲ. ಒಡ್ಡು ತುಂಬಿತು, ಅಲ್ಲಲ್ಲಿ ಜಿನುಗಿತು, ಒಂದು ಮಗ್ಗುಲು ಜಗ್ಗಿತು. ಕೆರೆಕಟ್ಟೆಗೆ ಅಪಾಯವಾದರೆ ತಮಟೆ ಬಡಿಯುವುದು, ಮನೆಗೊಬ್ಬರು ಮಂಕರಿ ಮಣ್ಣು ಹೊತ್ತು ಓಡುವುದು ಆ ಸೀಮೆಯ ಪದ್ಧತಿ. ಪರುವತಪ್ಪ ತಾನೇ ತಮಟೆ ಬಡಿದ. ಕಿರುಗುಂದದವರು ಗುದ್ದಲಿ, ಮಂಕರಿ ಹಿಡಿದು ಬಂದರು. ಬಂದವರು ಆ ಕಲ್ಲಿನ ಪಕ್ಕದಲ್ಲಿ ಸಾಲಾಗಿ ಕುಳಿತರು. ನಮಗೆ ಕೈ ಬೇಕು ಸ್ವಾಮಿ, ಊಟ ಮಾಡುವುದು ಅದರಲ್ಲೇ ಎಂದರು.

ಒದ್ದೆ ಕಂಬಳಿಯಲ್ಲೇ ಅವನು ಅರಮನೆಗೆ ಓಡಿದ.

"ಆ ಕಲ್ಲು ಕೀಳಿಸಿ, ಬುದ್ಧಿ. ಮನೆ ಕೊಚ್ಚಿಹೋಗುತ್ತದೆ."

"ಬುದ್ಧಿಯವರ ಮಾತು ಮಳೆ ಬಂದಾಗೆಲ್ಲ ಬದಲಾಗುವುದಿಲ್ಲ," ಎಂದಳು ಹೊನ್ನಾಜಮ್ಮ. "ಆದರೆ ಕಲ್ಲು ಹೇಳುವುದು ಪರುವತಪ್ಪನ ಒಡ್ಡಿನ ಮಾತು. ಊರ ಒಡ್ಡಾದರೆ ಅದಕ್ಕೇನು ಸಂಬಂಧ?"

ಹೊರಗೆ ಗುಡುಗಿತು.

"ಊರದ್ದೇ ಆಗಲಿ," ಎಂದ ಪರುವತಪ್ಪ.

"ನೀರೂ?"

"ನೀರೂ, ನಮ್ಮವ್ವಾ."

ಪಾಳೆಯಗಾರ ಹೂಂ ಎಂದ. ಸುದ್ದಿ ಮುಟ್ಟುವುದೇ ತಡ, ಕಿರುಗುಂದದವರು ಜಗ್ಗಿದ ಕಡೆಗೆ ಮಣ್ಣು ತುಂಬಿದರು, ಪಕ್ಕದ ಗಟ್ಟಿ ನೆಲದಲ್ಲಿ ಕೋಡಿ ಕಡಿದರು. ಮನೆ ಉಳಿಯಿತು. ನೀರು ಗದ್ದೆಗಳ ಕಡೆ ತಿರುಗಿತು.

ಬಿಸಿಲು ಬಂದ ಮೇಲೆ ಪಾಳೆಯಗಾರ ನೋಡಲು ಹೋದ. ಎತ್ತ ನೋಡಿದರೂ ತನ್ನ ಕಲ್ಲು ಕಾಣಲಿಲ್ಲ.

"ನಮ್ಮ ಅಪ್ಪಣೆ ಎಲ್ಲಿ, ಹೊನ್ನಾಜಮ್ಮ?"

"ಕೋಡಿಗೆ ಒಂದು ಹಾಸುಗಲ್ಲು ಬೇಕಿತ್ತು, ಬುದ್ಧಿ. ಅಳತೆ ಮಾಡಿಸಿದ ಹಾಗೆ ಕೂತಿದೆ. ಈಗ ನೀರು ದಿನವೂ ತಮ್ಮ ಅಪ್ಪಣೆ ಓದಿಕೊಂಡೇ ಆಚೆ ಹೋಗುತ್ತಿದೆ."