ಅಪ್ರಮೇಯಯ್ಯನವರ ವೀಣೆ

ನದಿ ದಂಡೆಯ ಆಶ್ರಮವೊಂದರಲ್ಲಿ ಅಪ್ರಮೇಯಯ್ಯನವರು ವೀಣೆ ಕಲಿಸುತ್ತಿದ್ದರು. ವಯಸ್ಸಾಗಿ ಕೈ ನಡುಗತೊಡಗಿದ ಮೇಲೆ ಒಂದು ದಿನ ತಮ್ಮ ವೀಣೆಯನ್ನು ಪಂಕಜಾಕ್ಷಿಗೆ ಕೊಟ್ಟುಬಿಟ್ಟರು. ಅವಳು ಶಿಷ್ಯೆಯಾಗಿ ಬಂದು ಎರಡೇ ವರ್ಷವಾಗಿತ್ತು.

ಹಿರಿಯ ಶಿಷ್ಯ ಸೀತಾಪತಿಗೆ ಮೈಯೆಲ್ಲ ಉರಿದುಹೋಯಿತು.

ಉರಿಯದೆ ಇನ್ನೇನು? ಒಂಬತ್ತು ವರ್ಷ ಆ ವೀಣೆಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದವನು ಅವನು. ಬೇಸಿಗೆಯಲ್ಲಿ ತಂತಿಯಡಿಯ ಹಿತ್ತಾಳೆ ಮೆಟ್ಟಿಲುಗಳನ್ನು ಹಿಡಿದಿಡುವ ಮೇಣ ಮೆತ್ತಗಾಗದಂತೆ ತಂಪು ಜಾಗ ಹುಡುಕಿ ಇಡುತ್ತಿದ್ದ. ಮಳೆಗಾಲದಲ್ಲಿ ತಂತಿಗೆ ತುಕ್ಕು ಹತ್ತದಂತೆ ದಿನಕ್ಕೆರಡು ಸಲ ಒರೆಸುತ್ತಿದ್ದ. ವೀಣೆ ತನಗೇ ಬರುತ್ತದೆಂದು ನಂಬಿದ್ದ. ಆಶ್ರಮದವರೆಲ್ಲ ಹಾಗೇ ಅಂದುಕೊಂಡಿದ್ದರು.

ಮೂರು ದಿನ ಗುರುಗಳೊಂದಿಗೆ ಮಾತು ಬಿಟ್ಟ.

ನಾಲ್ಕನೆಯ ದಿನ ಪಂಕಜಾಕ್ಷಿ ತಂತಿಯನ್ನು ಎಳೆದೆಳೆದು ನುಡಿಸುವಾಗ ಮೆಟ್ಟಿಲೊಂದು ಮೇಣದಿಂದ ಕಿತ್ತು ಬಂತು. ಅವಳು ಅದನ್ನು ಹೆಬ್ಬೆರಳಲ್ಲಿ ಒತ್ತಿ ಕೂರಿಸಿ, ಏನೂ ಆಗದವಳಂತೆ ಮುಂದುವರಿಸಿದಳು.

ಸೀತಾಪತಿ ನೇರ ಹೋಗಿ ಗುರುಗಳ ಮುಂದೆ ನಿಂತ.

“ಇದು ಅನ್ಯಾಯ ಗುರುಗಳೇ.”

“ಯಾವುದು?”

“ಮೊನ್ನೆ ಮೊನ್ನೆ ಬಂದವಳಿಗೆ ವೀಣೆ ಕೊಟ್ರಿ. ಆಗಲೇ ಮೆಟ್ಟಿಲು ಕಿತ್ತಿದ್ದಾಳೆ. ನುಡಿಸಿ ಎದ್ದ ಮೇಲೆ ಒಂದು ಬಟ್ಟೆ ಹೊದಿಸೋಕೂ ಪುರುಸೊತ್ತಿಲ್ಲ ಅವಳಿಗೆ.”

“ನಿಜ. ಬಟ್ಟೆ ಹೊದಿಸಿಲ್ಲ ಅಂತ ಬೆಳಗ್ಗೆ ನಾನೂ ಬೈದೆ.”

ಗುರುಗಳು ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ಅವನನ್ನು ಇನ್ನಷ್ಟು ಕೆರಳಿಸಿತು.

“ಹಾಗಿದ್ರೆ ನಾನು ಮಾಡಿದ್ದಕ್ಕೆ ಬೆಲೆಯೇ ಇಲ್ವಾ? ಒಂಬತ್ತು ವರ್ಷದಲ್ಲಿ ಅದರ ಮೇಲೆ ಒಂದು ಗೀರು ಬಿದ್ದಿದ್ರೆ ತೋರಿಸಿ. ಅದನ್ನ ನೋಡ್ಕೊಳ್ಳೋಕೆ ಅಂತ ನನ್ನ ಬೆಳಗಿನ ನುಡಿಸೋ ಸಾಧಕ ಬಿಟ್ಟೆ. ಆಮೇಲೆ ಸಂಜೆಯದನ್ನೂ ಬಿಟ್ಟೆ. ಇದಕ್ಕಿಂತ ಇನ್ನೇನು ಮಾಡಬೇಕಿತ್ತು?”

ಗುರುಗಳು ಪಂಕಜಾಕ್ಷಿಯನ್ನು ಕರೆದರು.

“ಎಡಗೈ ಚಾಚಮ್ಮ.”

ಅವಳ ತೋರುಬೆರಳು, ನಡುಬೆರಳುಗಳ ತುದಿ ಜಡ್ಡುಗಟ್ಟಿಹೋಗಿತ್ತು. ತಂತಿ ಕೊರೆದ ಕಡೆ ಚರ್ಮ ಕಪ್ಪಾಗಿ ಸೀಳಿತ್ತು.

“ನಿನ್ನದೂ ಕೊಡಪ್ಪ.”

ಸೀತಾಪತಿ ಸಿಟ್ಟಿನಲ್ಲೇ ಕೈ ಮುಂದೆ ಮಾಡಿದ. ಗುರುಗಳು ತಮ್ಮ ನಡುಗುವ ಕೈಯಲ್ಲಿ ಅದನ್ನು ಹಿಡಿದು, ಒಂದೊಂದೇ ಬೆರಳಿನ ಮೆತ್ತನೆಯ ತುದಿಯನ್ನು ಸವರಿ ನೋಡಿದರು.

“ವೀಣೆಗೆ ಏನೂ ಆಗದ ಹಾಗೆ ನೀನು ನೋಡ್ಕೊಂಡೆ ಕಣಪ್ಪ,” ಎಂದರು. “ನಿನ್ನ ಬೆರಳಿಗೂ.”