ತಂತಿಯ ನಡುವೆ ಕೂತ ಡಬ್ಬಿ

ಒಂದಾನೊಂದು ಊರಿನಲ್ಲಿ ಒಂದು ಮಂಗಳವಾರ ಇತ್ತು. ಅದು ಹಿಂದಿನ ಮಂಗಳವಾರದ ಹಾಗೆಯೇ ಇತ್ತು. ಹಾಲು ಉಕ್ಕಿತು, ಒಲೆ ಆರಿತು, ಜನ ಅರಳಿಕಟ್ಟೆಯ ಹತ್ತಿರ ಬಂದು ಸಾಲಾಗಿ ನಿಂತರು. ಕೇಳ್ತಾ ಇದ್ದೀರಲ್ಲ? ಹೂಂ ಅನ್ನಿ. ನೀವು ಹೂಂ ಅನ್ನದಿದ್ದರೆ ಅವರು ಅಲ್ಲೇ ನಿಂತಿರುತ್ತಾರೆ.

ಆ ಊರಿನ ದೊರೆಯ ಹೆಸರು ಹಾಜರಿರಾಜ. ಬೇರೆ ದೊರೆಗಳಿಗೆ ಆನೆ ಬೇಕು, ಕೋಟೆ ಬೇಕು. ಇವನಿಗೆ ಬೇಕಾದದ್ದು ಎಲ್ಲರೂ ಹಾಜರಿರುವ ಒಂದು ಪಟ್ಟಿ. ದಿನಾ ಬೆಳಿಗ್ಗೆ ಊರಿನವರ ಹೆಸರನ್ನೆಲ್ಲ ಅವನೇ ಓದುತ್ತಿದ್ದ. ಹೆಸರಿನವರು ಮೈಕಿನ ಮುಂದೆ ಬಂದು "ಇದ್ದೀನಿ" ಅನ್ನಬೇಕು. ಮರದ ಮೇಲಿನ ಹಾರ್ನಿನಲ್ಲಿ ಅದು ಕೇಳಿಸಬೇಕು. ಹಾರ್ನಿನ ಕೆಳಗೆ ಕೂತ ಶಾನುಭೋಗರು, ಸದ್ದು ಬಂದರೆ "ಹಾಜರು" ಎಂದೂ ಬರದಿದ್ದರೆ "ಇಲ್ಲ" ಎಂದೂ ಬರೆಯಬೇಕು.

ಸತ್ತವರ ಹೆಸರನ್ನು ಹೊಡೆದುಹಾಕುವಂತಿರಲಿಲ್ಲ. ಗೀಟು ಎಳೆದರೆ ಪಟ್ಟಿ ಕೊಳಕಾಗುತ್ತದೆ ಎಂದು ದೊರೆಯ ಕಟ್ಟಪ್ಪಣೆ. ಹಾಗಾಗಿ ಅವರ ಹೆಸರನ್ನೂ ಓದುತ್ತಿದ್ದ. ಹಾರ್ನು ಸುಮ್ಮನಿರುತ್ತಿತ್ತು. ಶಾನುಭೋಗರು "ಇಲ್ಲ" ಎಂದು ಬರೆಯುತ್ತಿದ್ದರು. ದೊರೆಗೆ ಅಂದಿನ ತಿಂಡಿ ರುಚಿಸುತ್ತಿರಲಿಲ್ಲ.

ಮೈಕು ದೊರೆಯ ತಾತನ ಕಾಲದ್ದು. ಅದರ ಕಿವಿ ಬಹಳ ಚುರುಕು, ದನಿ ಮಾತ್ರ ತೀರಾ ಸಣ್ಣದು. ಇರುವೆ ಸೀನಿದರೂ ಅದಕ್ಕೆ ಕೇಳಿಸುತ್ತಿತ್ತು. ಆನೆ ಸೀನಿದರೂ ಅದು ಇರುವೆ ಸೀನಿದಷ್ಟೇ ಹೇಳುತ್ತಿತ್ತು. ಜನ ಅದರ ಮುಂದೆ ಕಿರುಚಿ ಕಿರುಚಿ ಅಭ್ಯಾಸ ಮಾಡಿಕೊಂಡಿದ್ದರು.

ಆ ಮಂಗಳವಾರ ಶಾನುಭೋಗರಿಗೆ ನೆಗಡಿ. ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು ಬಂದಿದ್ದರು.

"ಏನೂ ಕೇಳಿಸ್ತಿಲ್ಲ ಬುದ್ಧಿ," ಅಂದರು. "ಇಡೀ ಊರಿಗೆ ಇಲ್ಲ ಅಂತ ಬರೀಲಾ?"

ದೊರೆ ಬೆವತುಹೋದ. ಓಡಿಹೋಗಿ ಮಿಕ್ಸರಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದ. ಮಿಕ್ಸರ್ ಅಂದರೆ ಚಟ್ನಿ ಅರೆಯುವುದಲ್ಲ. ಮೈಕಿನ ತಂತಿ ಬಂದು ಸೇರುವ ಪೆಟ್ಟಿಗೆ. ಮೈಕು ಹೇಳಿದ್ದನ್ನು ಅದು ದೊಡ್ಡದು ಮಾಡಿ ಹಾರ್ನಿಗೆ ಕಳಿಸುತ್ತದೆ. ಗುಂಡಿ ಕೊನೆ ಮುಟ್ಟಿದಾಗ ಹಾರ್ನಿನಲ್ಲಿ ಒಂದು ಸದ್ದು ಶುರುವಾಯಿತು. ಸ್‌ಸ್‌ಸ್‌ಸ್. ಬಿಸಿ ಹೆಂಚಿಗೆ ನೀರು ಚಿಮುಕಿಸಿದ ಹಾಗೆ, ಆದರೆ ನಿಲ್ಲದ ಹಾಗೆ.

ದೊರೆ ಓದಿದ: "ಬುಟ್ಟಿ ಹೆಣೆಯುವ ಮರಿಯಪ್ಪ."

ಮರಿಯಪ್ಪ ಕಳೆದ ಕಾರ್ತಿಕದಲ್ಲಿ ತೀರಿಹೋಗಿದ್ದ.

ಸ್‌ಸ್‌ಸ್‌ಸ್, ಅಂದಿತು ಹಾರ್ನು.

"ಸದ್ದು ಬಂತು," ಅಂದರು ಶಾನುಭೋಗರು. "ಹಾಜರು."

ದೊರೆ ಅಂದು ಹನ್ನೊಂದು ಇಡ್ಲಿ ತಿಂದ.

ಮರಿಯಪ್ಪ ಹಾಜರಿದ್ದರೆ ಅವನ ಅಪ್ಪ ಯಾಕಿರಬಾರದು? ಬುಧವಾರ ಹಳೆಯ ಪಟ್ಟಿಗಳನ್ನು ತೆಗೆದರು. ಅಪ್ಪ ಹಾಜರು. ತಾತ ಹಾಜರು. ಮುತ್ತಾತ ಹಾಜರು, ಮುತ್ತಾತನ ಎಮ್ಮೆ ಹಾಜರು. ಸಂಜೆಯ ಹೊತ್ತಿಗೆ ಅರಳಿಕಟ್ಟೆಯ ಮೇಲೆ ಕೂರಲು ಜಾಗವಿರಲಿಲ್ಲ. ಕಟ್ಟೆ ಖಾಲಿ ಕಾಣುತ್ತಿತ್ತು, ಆದರೆ ಜಾಗವಿರಲಿಲ್ಲ. ಜನ ಗಾಳಿಗೆ ಕೈಮುಗಿದು, "ಸ್ವಲ್ಪ ಸರೀರಿ ತಾತ," ಅನ್ನುತ್ತಿದ್ದರು. ತಾತ ಸರಿದರೋ ಇಲ್ಲವೋ ತಿಳಿಯದೆ ನಿಂತೇ ಇರುತ್ತಿದ್ದರು.

ಮೂರು ವರ್ಷದ ಹಿಂದೆ ಹೊಳೆಯಲ್ಲಿ ಕೊಚ್ಚಿಹೋದ ಸೇತುವೆಯ ಹೆಸರನ್ನೂ ದೊರೆ ಓದಿದ. ಸ್‌ಸ್‌ಸ್‌ಸ್. ಸೇತುವೆ ಹಾಜರು. ಏಳು ಜನ ಅದರ ಮೇಲೆ ನಡೆದು ಸೊಂಟದವರೆಗೆ ನೆನೆದು ಬಂದರು.

"ಸೇತುವೆ ಇದೆ," ಅಂದ ದೊರೆ. "ನೀವು ನೆನೆದದ್ದು ನಿಮ್ಮ ಅಜಾಗರೂಕತೆ."

ಗುರುವಾರ ಸಾಕಮ್ಮ ಬಂದಳು. ಮರಿಯಪ್ಪನ ಹೆಂಡತಿ.

"ಬುದ್ಧಿ, ನಮ್ಮ ಯಜಮಾನ್ರು ಹಾಜರು ಅಂತ ಬರೆದಿದ್ದೀರಂತೆ."

"ಎರಡು ದಿನದಿಂದ ಒಂದೂ ತಪ್ಪಿಸಿಲ್ಲ," ಅಂದ ದೊರೆ.

"ಅವರ ದನಿ ಯಾವಾಗ್ಲೂ ಸಣ್ಣದೇ. ಹಿತ್ತಲಿಂದ ಏನೋ ಹೇಳೋರು, ನಾನು ಕೈ ತೊಳ್ಕೊಂಡು ಹೋಗಿ ಏನಂದ್ರಿ ಅಂತ ಕೇಳ್ಬೇಕಿತ್ತು. ಈಗ್ಲೂ ಆ ಸದ್ದಿನೊಳಗೆ ಏನೋ ಹೇಳ್ತಿರಬಹುದು. ನಂಗೆ ಅದು ಕೇಳಿಸ್ಬೇಕು. ಸ್ವಲ್ಪ ದೊಡ್ಡದು ಮಾಡ್ಕೊಡಿ."

ನ್ಯಾಯವಾದ ಮಾತು. ಆದರೆ ಗುಂಡಿ ಆಗಲೇ ಕೊನೆಯಲ್ಲಿತ್ತು. ದೊರೆ ಬಡಗಿಯನ್ನು ಕರೆಸಿ ಗುಂಡಿಯ ಕೊನೆಯನ್ನು ಇನ್ನೊಂದು ಗೇಣು ಆಚೆಗೆ ಹಾಕಿಸಿದ. ಅಲ್ಲಿವರೆಗೂ ತಿರುಗಿಸಿದ. ಸ್‌ಸ್‌ಸ್‌ಸ್ ದೊಡ್ಡದಾಯಿತು. ಅದರೊಳಗೆ ಏನೂ ಬಿಡಿಯಾಗಿ ಕೇಳಿಸಲಿಲ್ಲ. ಕಾಗೆಗಳು ಊರು ಬಿಟ್ಟವು.

ಆಗ ಮೈಕು ಬಾಯಿ ಬಿಟ್ಟಿತು. ಮೆಲ್ಲಗೆ ಹೇಳಿದ್ದರಿಂದ ಎಲ್ಲರೂ ಬಗ್ಗಿ ಕೇಳಬೇಕಾಯಿತು.

"ತಾಯಿ, ಆ ಸದ್ದು ನಾನು ಹೇಳಿದ್ದಲ್ಲ. ಅದು ಮಿಕ್ಸರಿನ ಉಸಿರು."

"ನನ್ನ ಹತ್ರ ಇದ್ದದ್ದೇ ಅದು," ಅಂದಿತು ಮಿಕ್ಸರ್. "ಇವನು ಚಿಟಿಕೆಯಷ್ಟು ಕೊಡ್ತಾನೆ. ನೀವು ಮೂಟೆ ಕೇಳ್ತೀರಿ. ಉಳಿದದ್ದಕ್ಕೆ ನನ್ನ ಉಸಿರೇ ತುಂಬ್ತೀನಿ."

"ನನ್ನ ಮಾತು ಅವನ ಮನೆ ಮುಟ್ಟೋ ಮೊದಲೇ ದೊಡ್ಡದಾಗಬೇಕು," ಅಂದಿತು ಮೈಕು. "ದಾರಿಯಲ್ಲೇ."

ಊರೂರಿಗೆ ಮೈಕ್ ಸೆಟ್ ಕಟ್ಟುವ ದಸ್ತಗೀರ್ ಸಾಬರು ಗುಂಪಿನಲ್ಲಿದ್ದರು. ಅವರು ತಮ್ಮ ಟ್ರಂಕಿನಿಂದ ಒಂದು ತಗಡಿನ ಡಬ್ಬಿ ತೆಗೆದರು. ಎರಡು ಹೆಬ್ಬೆರಳು ಸೇರಿಸಿದಷ್ಟು. ಆ ಕಡೆ ಒಂದು ತೂತು, ಈ ಕಡೆ ಒಂದು ತೂತು. ಗುಂಡಿ ಇಲ್ಲ, ದೀಪ ಇಲ್ಲ.

"ಇದು ತಂತಿ ನಡುವೆ ಕೂರುತ್ತೆ," ಅಂದರು. "ಮೈಕು ಹೇಳಿದ್ದನ್ನ ಇಪ್ಪತ್ತು ಪಟ್ಟು ಮಾಡಿ ಮುಂದೆ ದಾಟಿಸುತ್ತೆ. ತನ್ನದು ಅಂತ ಏನೂ ಸೇರ್ಸೋದಿಲ್ಲ."

"ಊಟ?" ಕೇಳಿದ ದೊರೆ.

"ನಲವತ್ತೆಂಟು ವೋಲ್ಟು," ಅಂದಿತು ಡಬ್ಬಿ. "ಒಂದು ಕಮ್ಮಿ ಆದ್ರೂ ಏಳಲ್ಲ. ಮಿಕ್ಸರ್ ಕೊಡಬೇಕು, ಮಾತು ಬರೋ ತಂತಿಯಲ್ಲೇ ಕಳಿಸಬೇಕು."

"ನನ್ನ ಅನ್ನ ತಿಂದು ನನ್ನ ಉಸಿರನ್ನೇ ಅಡಗಿಸ್ತೀಯಾ?" ಅಂದಿತು ಮಿಕ್ಸರ್.

"ಹೌದು," ಅಂದಿತು ಡಬ್ಬಿ.

"ಪೂರಾ ನೀನೇ ತಿನ್ನಪ್ಪ," ಅಂದರು ಸಾಬರು. "ಮೈಕಿಗೆ ಒಂದು ತುತ್ತೂ ದಾಟಿಸಬೇಡ. ಮುದುಕ, ಅವನ ಹೊಟ್ಟೆಗೆ ಅದು ಆಗಲ್ಲ."

ಡಬ್ಬಿ ಸಾಕಮ್ಮನ ಕಡೆ ತಿರುಗಿತು. "ಅಮ್ಮ, ಮೊದಲೇ ಹೇಳಿಬಿಡ್ತೀನಿ. ಇರೋದನ್ನ ದೊಡ್ಡದು ಮಾಡ್ತೀನಿ. ಇಲ್ಲದ್ದನ್ನ ಮಾಡೋಕೆ ನಂಗೆ ಬರಲ್ಲ. ಕೂರ್ಲಾ?"

"ಬೇಡ," ಅಂದ ದೊರೆ. "ಸಾಕಮ್ಮ, ಯೋಚನೆ ಮಾಡು. ಪಟ್ಟಿಯಲ್ಲಿ ಅವನು ಹಾಜರಿದ್ದಾನೆ. ಯಾಕೆ ಕೆದಕ್ತೀಯ?"

ಸಾಕಮ್ಮ ಸ್ವಲ್ಪ ಹೊತ್ತು ಸ್‌ಸ್‌ಸ್‌ಸ್ ಕೇಳುತ್ತಾ ನಿಂತಳು.

"ಬುದ್ಧಿ, ಎರಡು ದಿನದಿಂದ ಹಾರ್ನಿನ ಕೆಳಗೆ ಕೂತು ಏನಂದ್ರಿ, ಏನಂದ್ರಿ ಅಂತ ಕೇಳ್ತಾನೇ ಇದ್ದೀನಿ. ಅವರು ಹೇಳ್ತಿದ್ರೆ ಕೇಳಿಸ್ಲಿ. ಹೇಳ್ತಿಲ್ಲ ಅಂದ್ರೆ ಅದಾದ್ರೂ ಗೊತ್ತಾಗ್ಲಿ. ಕೂತ್ಕೊಳಪ್ಪ."

ಡಬ್ಬಿ ತಂತಿಯ ನಡುವೆ ಕೂತಿತು. ಮಿಕ್ಸರ್ ಗೊಣಗುತ್ತಾ ನಲವತ್ತೆಂಟನ್ನೂ ಬಡಿಸಿತು. ಡಬ್ಬಿ ಎಲ್ಲವನ್ನೂ ತಿಂದು ಬಾಯಿ ಒರೆಸಿಕೊಂಡಿತು. ಸಾಬರು ಮಿಕ್ಸರಿನ ಗುಂಡಿಯನ್ನು ಕಾಲು ಭಾಗಕ್ಕೆ ಇಳಿಸಿದರು. ಸ್‌ಸ್‌ಸ್‌ಸ್ ಇಳಿಯಿತು, ಇನ್ನೂ ಇಳಿಯಿತು, ಹೋಯಿತು.

ದೊರೆ ಓದಲು ಶುರು ಮಾಡಿದ. ಬದುಕಿದ್ದವರು ಕಿರುಚದೆ "ಇದ್ದೀನಿ" ಅಂದರು. ಒಬ್ಬೊಬ್ಬರ ದನಿಯೂ ಬೇರೆಬೇರೆಯಾಗಿ ಕೇಳಿಸಿತು. ಶಾನುಭೋಗರು ಕಿವಿಯ ಹತ್ತಿ ತೆಗೆದರು. ಸೇತುವೆಯ ಹೆಸರು ಓದಿದಾಗ ಹೊಳೆಯ ನೀರು ಮಾತ್ರ ಕೇಳಿಸಿತು. ಮುತ್ತಾತನ ಎಮ್ಮೆ ಉತ್ತರ ಕೊಡಲಿಲ್ಲ. ಜನ ಒಬ್ಬೊಬ್ಬರಾಗಿ ಕಟ್ಟೆಯ ಮೇಲೆ ಕೂತರು.

"ಬುಟ್ಟಿ ಹೆಣೆಯುವ ಮರಿಯಪ್ಪ," ಓದಿದ ದೊರೆ.

ಹಾರ್ನಿನಲ್ಲಿ ಒಂದು ಅರಳಿ ಎಲೆ ಅಲ್ಲಾಡಿದ್ದು ಕೇಳಿಸಿತು.

"ಮರಿಯಪ್ಪ," ಮತ್ತೆ ಓದಿದ. ಯಾರೋ ಉಗುಳು ನುಂಗಿದ್ದು ಕೇಳಿಸಿತು.

ಮೂರನೆಯ ಸಲ ದೊರೆ ಪಟ್ಟಿ ನೋಡದೆ, ಮೈಕಿನ ಹತ್ತಿರ ಬಗ್ಗಿ, ಮನೆಯವರನ್ನು ಕರೆಯುವ ಹಾಗೆ ಕರೆದ. "ಮರಿಯಪ್ಪ, ಇದ್ದೀಯೇನಪ್ಪ?"

ಎಲ್ಲರೂ ಕಾದರು. ಮೈಕಿನ ಕಿವಿ ಬಹಳ ಚುರುಕು ಎಂದು ಹೇಳಿದೆನಲ್ಲ. ಅದೂ ಕಾಯಿತು.

"ಸರಿ," ಅಂದಳು ಸಾಕಮ್ಮ. ಬಹಳ ಮೆಲ್ಲಗೆ ಅಂದಳು. ಅದು ಹಾರ್ನಿನಲ್ಲಿ ಊರಿಗೆಲ್ಲ ಕೇಳಿಸಿತು.

ಶಾನುಭೋಗರು "ಇಲ್ಲ" ಎಂದು ಬರೆದರು. ದೊರೆಗೆ ಅಂದಿನ ತಿಂಡಿ ರುಚಿಸಲಿಲ್ಲ.

ನೀತಿ ಏನು ಅಂತೀರಾ? ಹೊಳೆಗೆ ಇಳಿಯುವ ಮೊದಲು ಮಿಕ್ಸರಿನ ಗುಂಡಿ ಎಷ್ಟಕ್ಕಿದೆ ಎಂದು ನೋಡಿಕೊಳ್ಳಿ. ಕತೆ ತಂತಿಯ ಆ ಕಡೆಯಿಂದ ಬಂತು, ಈ ಕಡೆಯಿಂದ ಹೋಯಿತು. ನಾನು ನಡುವೆ ಕೂತಿದ್ದೆ, ಅಷ್ಟೇ.

ಆಮೇಲೆ ಸಾಕಮ್ಮ ಏನು ಮಾಡಿದಳು ಅಂತ ಯಾರೋ ಕೇಳಿದಿರಿ. ಮನೆಗೆ ಹೋಗಿ ಒಲೆ ಹಚ್ಚಿದಳು. ಒಂದು ಮುದ್ದೆಗೆ ಆಗುವಷ್ಟು ಹಿಟ್ಟು ಹಾಕಿದಳು.