ನೀರು ಬಂದರೂ ಬರಬಹುದು

ವರ್ಷದಲ್ಲಿ ಒಂಬತ್ತು ತಿಂಗಳು ಆ ಹೊಳೆಯಲ್ಲಿ ಇದ್ದದ್ದು ಬರೀ ಮರಳು.

ಬೇಸಿಗೆ ಬಂತೆಂದರೆ ಊರಿನ ಹತ್ತು ಹನ್ನೆರಡು ಮನೆಯವರು ಆ ಮರಳಿಗೆ ಇಳಿಯುತ್ತಿದ್ದರು. ಗುಂಡಿ ತೋಡಿ, ಗೊಬ್ಬರ ತುಂಬಿ, ಕಲ್ಲಂಗಡಿ ಬಳ್ಳಿ ಹಬ್ಬಿಸುತ್ತಿದ್ದರು. ಕಾಯಿ ಕಾಯಲು ಅಲ್ಲೇ ಗುಡಿಸಲು, ಅಲ್ಲೇ ಒಲೆ.

ದಡದ ಮೇಲೆ ಹೊನ್ನಮ್ಮ ತಾಯಿಯ ಆಶ್ರಮ. ಆಶ್ರಮದ ಜಗಲಿಯಲ್ಲಿ ಒಂದು ನಗಾರಿ.

ಪಡುವಣ ಗುಡ್ಡದಲ್ಲಿ ಮೋಡ ಕವಿದು ಗುಡುಗಿದರೆ ಆ ನಗಾರಿ ಬಾರಿಸಬೇಕು. ಇಲ್ಲಿ ಬಿಸಿಲು ಸುಡುತ್ತಿದ್ದರೂ ಸರಿ. ಗುಡ್ಡದಲ್ಲಿ ಸುರಿದ ಮಳೆ ಅನ್ನ ಬೇಯುವಷ್ಟರಲ್ಲಿ ಆಳೆತ್ತರದ ನೀರಾಗಿ ಬಂದುಬಿಡುತ್ತಿತ್ತು. ಹಿಂದೊಮ್ಮೆ ಎರಡು ಮನೆಯವರು ಗುಡಿಸಲ ಸಮೇತ ಕೊಚ್ಚಿಹೋಗಿದ್ದರು.

ನಗಾರಿ ಕೇಳಿದವರು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ದಡ ಹತ್ತಬೇಕು. ಬಾರಿಸಿದವನು ತಾನಾಗಿ ಮರಳಿಗೆ ಇಳಿಯುವವರೆಗೆ ಯಾರೂ ಇಳಿಯುವಂತಿಲ್ಲ. ಹತ್ತಿ ಬಂದವರಿಗೆಲ್ಲ ಅವನೇ ಗಂಜಿ ಕಾಯಿಸಿ ಬಡಿಸಬೇಕು. ಇದು ತಾಯಿಯವರ ಗುರುಗಳ ಕಾಲದ ಕಟ್ಟಳೆ.

ಈಗ ಆ ಕೆಲಸ ಶಿಷ್ಯ ಮುದ್ದಯ್ಯನದು.

ಆ ಬೇಸಿಗೆಯಲ್ಲಿ ಮುದ್ದಯ್ಯ ಮೂರು ಸಲ ನಗಾರಿ ಬಾರಿಸಿದ. ಮೂರು ಸಲವೂ ಜನ ಮಕ್ಕಳು ಮರಿಗಳ ಸಮೇತ ಹತ್ತಿ ಬಂದರು. ಮೂರು ಸಲವೂ ಹೊಳೆಗೆ ಒಂದು ಹನಿ ನೀರು ಬರಲಿಲ್ಲ.

ಮೂರನೆಯ ಸಲವಂತೂ ಎಲ್ಲರೂ ಮೇಲೆ ಗಂಜಿ ಕುಡಿಯುತ್ತಿದ್ದಾಗ ಕತ್ತೆಗಳು ನುಗ್ಗಿ ಹುಲಿಗೆವ್ವನ ಅರ್ಧ ಬಳ್ಳಿಯನ್ನು ತಿಂದು ತುಳಿದು ಹೋದವು.

ಹುಲಿಗೆವ್ವ ಮರಳಿನವರಿಗೆಲ್ಲ ಹಿರಿಯಳು. ಅವಳ ಬಾಯಿಗೆ ಊರೇ ಹೆದರುತ್ತಿತ್ತು.

“ಏನಯ್ಯಾ ಸ್ವಾಮಿ, ನಗಾರಿ ಬಡಿದು ನಮ್ಮನ್ನ ಮೇಲೆ ಕರೀತೀಯೋ, ಕತ್ತೆಗಳನ್ನ ಊಟಕ್ಕೆ ಕರೀತೀಯೋ?”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು.

“ಗಂಜಿಯಾದರೂ ನೆಟ್ಟಗಿದ್ದರೆ ಹತ್ತಿ ಬಂದದ್ದಕ್ಕೂ ಒಂದು ಅರ್ಥ ಇರ್ತಿತ್ತು,” ಎಂದ ಒಬ್ಬ. “ಅದೂ ತಳ ಹಿಡಿದಿದೆ.”

ಮುದ್ದಯ್ಯನ ಮೈಯೆಲ್ಲ ಉರಿದುಹೋಯಿತು. ನೇರವಾಗಿ ತಾಯಿಯ ಬಳಿ ಹೋದ.

“ತಾಯಿ, ಈ ಕೆಲಸ ನನಗೆ ಬೇಡ. ಬೇರೆ ಯಾರಿಗಾದರೂ ಕೊಡಿ.”

ತಾಯಿ ಸೊಪ್ಪು ಬಿಡಿಸುತ್ತಿದ್ದರು. “ಯಾಕಪ್ಪ?”

“ಇವರ ಜೀವ ಉಳಿಸಲು ನಾನು ಒದ್ದಾಡುತ್ತೇನೆ. ಇವರು ನನ್ನನ್ನೇ ಆಡಿಕೊಳ್ಳುತ್ತಾರೆ. ಉಪಕಾರ ಅಂದರೆ ಏನೆಂದು ತಿಳಿಯದ ಜನ!”

“ಆ ದಿನ ಗುಡ್ಡದಲ್ಲಿ ಮಳೆ ಆಗಿತ್ತೋ ಇಲ್ಲವೋ?”

“ಆಗಿತ್ತು. ನೀರು ಆಚೆ ಬದಿಯ ಹಳ್ಳಕ್ಕೆ ಇಳಿದುಹೋಯಿತು.”

“ಹಾಗಾದರೆ ನೀನು ಬಾರಿಸಿದ್ದು ಸರಿ.”

“ನೀವು ಸರಿ ಎಂದರೆ ಏನು ಬಂತು ತಾಯಿ, ಅವರು ಹೇಳಬೇಕಲ್ಲ!”

ತಾಯಿ ಹುಳು ತಿಂದ ಒಂದು ಎಲೆಯನ್ನು ಕಿತ್ತು ಆಚೆ ಎಸೆದರು.

ವಾರ ಕಳೆಯಿತು. ಒಂದು ಮಧ್ಯಾಹ್ನ ಗುಡ್ಡಕ್ಕೆ ಮಸಿ ಬಳಿದಂತಾಯಿತು. ಅದರೊಳಗೆ ಮಿಂಚು ಹರಿದಾಡಿತು. ಸ್ವಲ್ಪ ಹೊತ್ತಿಗೆ ಗುಡುಗು, ನೆಲದ ಅಡಿಯಲ್ಲಿ ಬಂಡೆ ಉರುಳಿಸಿದ ಹಾಗೆ.

ಮುದ್ದಯ್ಯ ನಗಾರಿಯ ಕೋಲುಗಳನ್ನು ಕೈಗೆತ್ತಿಕೊಂಡ. ಹುಲಿಗೆವ್ವನ ಮಾತು ಕಿವಿಯಲ್ಲಿ ಮೊಳಗಿತು. ಕೋಲುಗಳನ್ನು ಕೆಳಗಿಟ್ಟ. ತಾನೇ ಮರಳಿಗೆ ಇಳಿದು ಹೋದ.

ಹುಲಿಗೆವ್ವ ಗುಡಿಸಲ ಮುಂದೆ ಬಾಣಂತಿ ಮಗಳಿಗೆ ನೀರು ಕಾಯಿಸುತ್ತಿದ್ದಳು. ಮಗಳು ಹೆತ್ತು ಇನ್ನೂ ಆರು ದಿನ.

ಮುದ್ದಯ್ಯ ಎಲ್ಲರಿಗೂ ಕೇಳುವಂತೆ ಹೇಳಿದ. “ಗುಡ್ಡದಲ್ಲಿ ಅಲ್ಲಲ್ಲಿ ಗುಡುಗು ಮಳೆ ಆಗುವ ಹಾಗಿದೆ. ಹೊಳೆಗೆ ನೀರು ಬಂದರೂ ಬರಬಹುದು. ಬಾರದೆಯೂ ಇರಬಹುದು. ಹುಷಾರಾಗಿರುವುದು ಒಳ್ಳೆಯದು.”

“ಬರುತ್ತೋ ಬರಲ್ವೋ? ಒಂದು ಹೇಳು,” ಎಂದಳು ಹುಲಿಗೆವ್ವ.

“ಹೇಳಿದೆನಲ್ಲ.”

“ಏನು ಹೇಳಿದೆ? ನಾವು ಮೇಲೆ ಬರಬೇಕೋ ಬೇಡವೋ?”

“ಅದು ನಿಮ್ಮ ಇಷ್ಟ. ತಿಳಿಸುವುದು ನನ್ನ ಕೆಲಸ. ತಿಳಿಸಿದ್ದೇನೆ.”

“ಅಯ್ಯೋ ಶಿವನೇ! ಗಂಡೂ ಆಗಬಹುದು ಹೆಣ್ಣೂ ಆಗಬಹುದು ಅಂತ ಕಣಿ ಹೇಳಿದ ಹಾಗಾಯ್ತು.” ಹುಲಿಗೆವ್ವ ಉಳಿದವರ ಕಡೆ ತಿರುಗಿದಳು. “ನಗಾರಿ ಬಡಿದಿಲ್ಲ ಅಂದಮೇಲೆ ಏನೂ ಇಲ್ಲ. ಕೆಲಸ ನೋಡ್ರೋ.”

ಜನ ಬಗ್ಗಿ ಮತ್ತೆ ಕಳೆ ಕೀಳತೊಡಗಿದರು.

ಮುದ್ದಯ್ಯ ಹಗುರಾಗಿ ದಡ ಹತ್ತಿದ. ನೀರು ಬಂದರೆ ಮೊದಲೇ ಹೇಳಿದ್ದೆ ಎನ್ನಬಹುದು. ಬಾರದಿದ್ದರೆ ಯಾರೂ ನಗುವಂತಿಲ್ಲ. ಇಷ್ಟು ದಿನ ತನಗೆ ಇದು ತೋಚಲಿಲ್ಲವಲ್ಲ!

ಹೋಗಿ ತಾಯಿಗೆ ಅದನ್ನೇ ಹೇಳಿದ.

ತಾಯಿಯ ಮುಖ ಕೆಂಡವಾಯಿತು. ಹನ್ನೆರಡು ವರ್ಷದಲ್ಲಿ ಆ ಮುಖದಲ್ಲಿ ಅಂಥ ಸಿಟ್ಟನ್ನು ಅವನು ಕಂಡಿರಲಿಲ್ಲ.

“ಎಷ್ಟು ಜನರನ್ನು ದಡ ಹತ್ತಿಸಿದೆ?”

“ಯಾರೂ ಹತ್ತಲಿಲ್ಲ ತಾಯಿ. ನಾನಂತೂ ಹೇಳಿ ಬಂದೆ.”

“ಒಬ್ಬ ಹತ್ತಿದ್ದಾನೆ. ನನ್ನ ಎದುರಿಗೇ ನಿಂತಿದ್ದಾನೆ.”

ಎಂಬತ್ತು ದಾಟಿದ ತಾಯಿ ಊರುಗೋಲು ಹಿಡಿದು ಎದ್ದರು. ಒಂದೊಂದೇ ಮೆಟ್ಟಿಲು ಇಳಿದರು. ಕಾದ ಮರಳಿನಲ್ಲಿ ಬರಿಗಾಲಲ್ಲಿ ನಡೆದು ಹೊಳೆಯ ನಟ್ಟನಡುವೆ, ಹುಲಿಗೆವ್ವನ ಬಳ್ಳಿಗಳ ಪಕ್ಕದಲ್ಲಿ ಕೂತುಬಿಟ್ಟರು.

ಮುದ್ದಯ್ಯ ಹಿಂದೆಯೇ ಓಡಿ ಬಂದ.

“ಏಳಿ ತಾಯಿ! ಇಲ್ಲಿ ಕೂರಬಾರದು!”

“ಯಾಕೆ? ನೀರು ಬರುತ್ತದೆಯೇ?”

“ಬಂದರೂ ಬರಬಹುದು!”

“ಬಾರದೆಯೂ ಇರಬಹುದು. ತಿಳಿಸಿದೆಯಲ್ಲ, ನಿನ್ನ ಕೆಲಸ ಮುಗಿಯಿತು. ಕೂರುವುದು ನನ್ನ ಇಷ್ಟ.”

“ನಿಮ್ಮ ಕಾಲಿಗೆ ಬೀಳುತ್ತೇನೆ!”

“ಆ ಗುಡಿಸಲಲ್ಲಿ ಆರು ದಿನದ ಕೂಸಿದೆ. ಅದರ ಕಾಲಿಗೆ ಬಿದ್ದೆಯಾ?”

ಮತ್ತೆ ಗುಡುಗಿತು. ಈ ಸಲ ಹತ್ತಿರದಲ್ಲಿ.

ಮುದ್ದಯ್ಯ ತಿರುಗಿ ಓಡಿದ. ಮೆಟ್ಟಿಲುಗಳಲ್ಲಿ ಎಡವಿ ಬಿದ್ದು ಎದ್ದು ಜಗಲಿ ಮುಟ್ಟಿದ. ನಗಾರಿ ಬಾರಿಸಿದ. ಒಂದು ಕೋಲು ಮುರಿಯಿತು. ಮುಷ್ಟಿಯಿಂದ ಗುದ್ದಿದ.

“ಮೇಲೆ ಬನ್ನಿ! ಎಲ್ಲರೂ ಮೇಲೆ ಬನ್ನಿ!”

ಜನ ಬೈಯುತ್ತಲೇ ಹತ್ತಿದರು. ಹುಲಿಗೆವ್ವ ಕೂಸನ್ನು ಎದೆಗೆ ಅವುಚಿಕೊಂಡು, ಮಗಳಿಗೆ ಹೆಗಲು ಕೊಟ್ಟು, ಹತ್ತುವ ದಾರಿಯುದ್ದಕ್ಕೂ ಮುದ್ದಯ್ಯನ ವಂಶವನ್ನೆಲ್ಲ ನೆನೆಯುತ್ತ ಬಂದಳು. ಮರಳು ಖಾಲಿಯಾಗುತ್ತ ಬಂದ ಮೇಲೆಯೇ ತಾಯಿ ಎದ್ದರು. ಕೊನೆಗೆ ಉಳಿದಿದ್ದ ಇಬ್ಬರು ಗಂಡಸರು ಅವರನ್ನು ಎತ್ತಿಕೊಂಡು ತಂದರು.

ಮುದ್ದಯ್ಯ ಗಂಜಿ ಕಾಯಿಸಿ ಬಡಿಸಿದ. ಜನ ಕುಡಿದರು. ಹೊಳೆಯ ಕಡೆ ನೋಡಿದರು.

ಮರಳು. ಬಳ್ಳಿ. ಕಾಯಿ. ನೀರಿಲ್ಲ.

ಇನ್ನೂ ಅಷ್ಟು ಹೊತ್ತು ಹೋಯಿತು. ನೀರಿಲ್ಲ. ಆಚೆ ದಡದಲ್ಲಿ ಎರಡು ಕತ್ತೆ ಕಾಣಿಸಿದವು.

“ಅಗೋ ಸ್ವಾಮಿ, ನಿನ್ನ ನೆಂಟರು ಬಂದರು. ಎಲೆ ಹಾಕು!” ಎಂದು ಯಾರೋ ಕೂಗಿದರು.

ಹುಲಿಗೆವ್ವ ನಗಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎದ್ದಳು.

“ನಗುವ ಮಾತಲ್ಲ ಇದು. ನಮ್ಮ ವರ್ಷದ ಕೂಳು ಆ ಬಳ್ಳಿಯಲ್ಲಿದೆ. ನಿನಗೆ ಆಶ್ರಮ ಇದೆ, ಮೂರು ಹೊತ್ತು ಉಣ್ಣೋಕೆ ಇದೆ. ನಮಗೇನಿದೆ? ಕಟ್ಟಳೆ ಅಂತ ನಾಲ್ಕು ಸಲ ಹತ್ತಿದ್ದೀವಿ. ನೀನು ಇಳಿಯದೆ ನಾವು ಇಳಿಯೋ ಹಾಗಿಲ್ಲ. ಇಳಿ ಮುಂದೆ!”

“ಇಳಿ ಸ್ವಾಮಿ, ಇಳಿ!” ಎಂದರು ಎಲ್ಲರೂ.

ಅವಳು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಮುದ್ದಯ್ಯನ ಕಿವಿ ಬಿಸಿಯಾದವು. ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟ. ಹಿಂದೆ ತೆಗೆದ. ಸುತ್ತಲೂ ಒಬ್ಬೊಬ್ಬರ ಮುಖವನ್ನೂ ನೋಡಿದ. ಕೊನೆಗೆ ತಾಯಿಯ ಕಡೆ ತಿರುಗಿದ.

“ತಾಯಿ, ಇಳಿಯಲೇ, ಬೇಡವೇ?”

ಕೂಸನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ತಾಯಿ ತಲೆ ಎತ್ತಿದರು.

“ಮೋಡ ನನ್ನ ಮುಖದಲ್ಲಿದೆಯೇನೋ? ಗುಡ್ಡ ನೋಡು.”